ಬೆಳ್ಳಿ ತಗಡು ಉಜ್ಜಿದವಳು

…ಅಲ್ಲ ಮೇದಿನಿ, ಅದನ್ನು ಮಾತ್ರ ಬರೀಬೇಡ. ಹೊಡೆದು ಹಾಕು. 'ಫೋಟೋಗ್ರಫಿಯ ಪಿತಾಮಹ ಡಗೇರ್' ಅಂತೆ. ಯಾರಿಗೆ ಪಿತಾಮಹ ಅವನು? ನಾಟಕದ ಪರದೆ ಬರೀತಿದ್ದ ಮನುಷ್ಯ. ಇನ್ನೊಬ್ಬ ಹತ್ತು ವರ್ಷ ಮಂಡೆ ಒಡೆದುಕೊಂಡು ಮಾಡಿದ್ದನ್ನು ತೆಗೆದುಕೊಂಡು, ತನ್ನ ಹೆಸರು ಅಂಟಿಸಿ, ಅಜ್ಜ ಆಗಿ ಕೂತ.

ಯಾಕೆ ನಗ್ತಿ? ನಾನು ತಮಾಷೆ ಮಾಡ್ತಾ ಇಲ್ಲ. ಡೆಂಟಿಸ್ಟನ ಹೆಂಡತಿಗೆ ಇದೆಲ್ಲ ಹೇಗೆ ಗೊತ್ತು ಅಂತ ಆಶ್ಚರ್ಯವಾ? ಐದು ವರ್ಷ ಮಗಾ. ಈ ಚಾಟ್ಸ್‌ವರ್ತ್‌ನ ಮನೆಯಲ್ಲಿ ಐದು ವರ್ಷ ಇದೇ ಪುರಾಣ. ಊಟ ಬಡಿಸುವಾಗ ಡಗೇರ್, ಮಾಲಿಬು ದೇವಸ್ಥಾನಕ್ಕೆ ಡ್ರೈವ್ ಮಾಡುವಾಗ ಡಗೇರ್, ನನಗೆ ಜ್ವರ ಬಂದು ಮಲಗಿದ್ದಾಗಲೂ ಹಾಸಿಗೆಯ ಬದಿಯಲ್ಲಿ ಕೂತು ಡಗೇರ್. ನಿನ್ನ ಕರುಣಾಕರ ಅಂಕಲ್ ಹೇಳದೆ ಬಿಟ್ಟದ್ದು ಯಾವುದೂ ಇಲ್ಲ. ನಿಮ್ಮ ಲಾಂಗ್ ಬೀಚ್ ಕಾಲೇಜಿನ ಪ್ರೊಫೆಸರಿಗಿಂತ ನನಗೇ ಹೆಚ್ಚು ಗೊತ್ತಿದ್ದರೂ ಇರಬಹುದು.

ಸಜ್ಜಿಗೆ ತಿನ್ನು, ತಣ್ಣಗಾಗ್ತದೆ. ನಿನ್ನ ಅಪ್ಪ ಪೊವೇಯಿಂದ ಫೋನ್ ಮಾಡಿದ್ರು ನಿನ್ನೆ. 'ಉಮಾವತಿಯವರೇ, ಮೇದಿನಿ ಬರ್ತಾಳೆ, ಸ್ಯಾನ್ ಡಿಯಾಗೋದ ಮ್ಯೂಸಿಯಂನವರು ಹಳೇ ಥರ ಫೋಟೋ ಮಾಡುವವರ ಬಗ್ಗೆ ಪುಸ್ತಕ ತರ್ತಾ ಇದ್ದಾರೆ, ಕರುಣಾಕರನ ಬಗ್ಗೆ ಎರಡು ಪುಟ ಬರೀಲಿಕ್ಕೆ ಇವಳಿಗೇ ಹೇಳಿದ್ದಾರೆ' ಅಂತ. ದಿವಾಕರನಿಗೆ ಎಷ್ಟು ಖುಷಿ. ಮಗಳು ಬರೆಯುದು ಅಂತ ಖುಷಿಯೋ, ಗೆಳೆಯನ ಹೆಸರು ಬರುದು ಅಂತ ಖುಷಿಯೋ, ಗೊತ್ತಿಲ್ಲ. ನಮ್ಮವರು ತೀರಿಕೊಂಡು ಒಂದು ವರ್ಷದ ಮೇಲಾಯ್ತು. ಕ್ಲಿನಿಕ್ಕಿನಲ್ಲಿ, ಯಾರದ್ದೋ ಹಲ್ಲು ನೋಡ್ತಾ ಇದ್ದವರು ಹಾಗೇ ಕುರ್ಚಿಗೆ ಒರಗಿದ್ದಂತೆ. ಬರಿ, ಎರಡು ಪುಟ. ಬೇಡ ಅಂತ ನಾನು ಹೇಳುದಿಲ್ಲ.

ಎಲ್ಲಿಂದ ಶುರು ಮಾಡುದಾ? ಎಂಬತ್ತೊಂಬತ್ತರಿಂದ ಮಾಡು. ಆ ವರ್ಷ ಫೋಟೋ ಕಂಡುಹಿಡಿದು ನೂರೈವತ್ತು ವರ್ಷ ಆಯ್ತು ಅಂತ ಎಲ್ಲ ಕಡೆ ಪ್ರದರ್ಶನ. ನಿಮ್ಮ ಮನೆಗೆ ಬಂದಿದ್ದೆವಲ್ಲ, ನೀನು ಆಗ ಹೈಸ್ಕೂಲಿನಲ್ಲಿದ್ದಿ. ನಿನ್ನ ಅಪ್ಪನೇ ನಮ್ಮನ್ನು ಸ್ಯಾನ್ ಡಿಯಾಗೋಕ್ಕೆ ಕರೆದುಕೊಂಡು ಹೋದದ್ದು. ಅಲ್ಲಿ ಗಾಜಿನ ಡಬ್ಬದೊಳಗೆ ಅಂಗೈಯಷ್ಟು ದೊಡ್ಡ ಒಂದು ತಗಡು. ತಾಮ್ರದ ತಗಡಿಗೆ ಬೆಳ್ಳಿ ಹಾಕಿ ಅದರ ಮೇಲೆ ತೆಗೆದ ಫೋಟೋ. ಎದುರಿನಿಂದ ನೋಡಿದರೆ ಕನ್ನಡಿ, ನಿನ್ನದೇ ಮುಖ ಕಾಣ್ತದೆ. ಸ್ವಲ್ಪ ಓರೆ ಮಾಡಿ ನೋಡಿದರೆ, ಯಾರೋ ಒಬ್ಬಳು ಮುದುಕಿ, ಟೊಪ್ಪಿ ಹಾಕಿಕೊಂಡು, ಈಗಷ್ಟೇ ಬಂದು ಕೂತ ಹಾಗೆ. ಕಣ್ಣಿನ ರೆಪ್ಪೆ ಸಹ ಎಣಿಸಬಹುದು. ಇವರು ಅದರ ಎದುರು ನಿಂತವರು ಅಲುಗಾಡಲಿಲ್ಲ. ನಾನೂ ನಿನ್ನ ಅಮ್ಮ ಚಿತ್ರಾನೂ ಹೊರಗೆ ಬಂದು, ಕಾಫಿ ಕುಡಿದು, ಪಾರ್ಕಿಗೆ ಒಂದು ಸುತ್ತು ಬಂದೆವು. ವಾಪಸು ಹೋಗಿ ನೋಡ್ತೇವೆ, ಅಲ್ಲೇ ನಿಂತಿದ್ದಾರೆ, ತಲೆ ಆ ಕಡೆ ಈ ಕಡೆ ಓರೆ ಮಾಡಿಕೊಂಡು.

ನನ್ನ ಮಗ ರಕ್ಷಿತ್ ಕಾಲೇಜಿಗೆ ಹೋಗಿ ಗರಾಜು ಖಾಲಿ ಇತ್ತು. ಒಂದು ತಿಂಗಳಲ್ಲಿ ಅದು ಗರಾಜಾಗಿ ಉಳಿಯಲಿಲ್ಲ. ನೂರೈವತ್ತು ವರ್ಷದ ಹಿಂದೆ ಹೇಗೆ ಮಾಡ್ತಿದ್ರೋ ಹಾಗೇ ಮಾಡಬೇಕಂತೆ. ಬೆಳ್ಳಿ ತಗಡಿಗೆ ಅಯೋಡಿನ್ ಹೊಗೆ ಹಿಡಿಸುದು, ಕ್ಯಾಮೆರಾದಲ್ಲಿ ಇಟ್ಟು ಬೆಳಕು ತೋರಿಸುದು, ಆಮೇಲೆ ಪಾದರಸ ಬಿಸಿ ಮಾಡಿ ಅದರ ಆವಿಯ ಮೇಲೆ ಹಿಡಿಯುದು. ಆಗ ಚಿತ್ರ ಮೂಡ್ತದೆ. ಪಾದರಸ ಮಗಾ, ವಿಷ. ಹಲ್ಲಿಗೆ ತುಂಬಿಸ್ಲಿಕ್ಕೆ ಕ್ಲಿನಿಕ್ಕಿನಲ್ಲಿ ಇರ್ತಿತ್ತಲ್ಲ, ಇವರಿಗೆ ಅದರ ಹೆದರಿಕೆಯೇ ಇರ್ಲಿಲ್ಲ. ನನ್ನ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಬಿಚ್ಚಿ ಗರಾಜಿಗೆ ಹಾಕಿದ್ರು. ಎರಡು ವರ್ಷ ನಾನು ಒಗ್ಗರಣೆ ಹಾಕಿದಾಗೆಲ್ಲ ಮನೆಯಿಡೀ ಕೆಮ್ಮು.

ಡಗೇರ್‌ನ ಹೆಂಡತಿಯದ್ದು ಒಂದು ಕತೆ ಉಂಟು, ನಿನಗೆ ಹೇಳಿಕೊಟ್ಟಿದ್ದಾರಾ? ಇಲ್ವಾ? ಹೌದು, ಅದನ್ನು ಯಾರು ಹೇಳಿಕೊಡ್ತಾರೆ. ಅವಳು ಒಬ್ಬ ದೊಡ್ಡ ಕೆಮಿಸ್ಟ್‌ನ ಹತ್ರ ಹೋಗಿ ಕೇಳಿದಳಂತೆ, 'ನನ್ನ ಗಂಡ ಹಗಲೂ ರಾತ್ರಿ ಒಂದೇ ಹಟ ಹಿಡಿದಿದ್ದಾನೆ, ಬೆಳಕನ್ನು ಹಿಡಿದು ನಿಲ್ಲಿಸ್ತೇನೆ ಅಂತಾನೆ, ಇವನಿಗೆ ಹುಚ್ಚಾ' ಅಂತ. ಇವರು ಅದನ್ನು ಹೇಳಿ ಹೇಳಿ ನಗ್ತಿದ್ರು, ಪಾಪ ಬೊಡ್ಡು ಹೆಂಗಸು, ತಲೆ ಇಲ್ಲ ಅಂತ. ನನಗೆ ನಗು ಬರ್ಲಿಲ್ಲ. ನನಗೆ ಅವಳ ಮನೆಯೇ ಕಣ್ಣಿಗೆ ಕಟ್ಟಿತು. ಮತ್ತೊಂದು ಕತೆ, ಬೀರುವಿನದ್ದು. ಡಗೇರ್ ತಗಡನ್ನು ಬೀರುವಿನಲ್ಲಿ ಇಟ್ಟಿದ್ದನಂತೆ, ಮರುದಿನ ನೋಡುವಾಗ ಚಿತ್ರ ಬಂದಿತ್ತಂತೆ. ಯಾಕೆ ಅಂತ ನೋಡಿದರೆ ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿದೆ. ಹಾಗೆ ಕಂಡುಹಿಡಿದನಂತೆ. ಸುಳ್ಳೇ ಇರಬಹುದು. ಆದರೆ ಇರ್ಲಿ. ಆ ಬೀರು ಒರೆಸಿದ್ದು ಯಾರು ಅಂತ ನಾನು ಕೇಳಿದೆ.

ಅವನಿಗಿಂತ ಮೊದಲಿನವ ನಿಯೆಪ್ಸ್. ಅವನೇ ಮೊದಲು ಮಾಡಿದ್ದು. ಅವನೂ ಎಂತ ಮಹಾ? ತಗಡಿಗೆ ಡಾಂಬರು ಬಳಿದು, ಕಿಟಕಿಯಲ್ಲಿ ಎಂಟು ಗಂಟೆ ಇಟ್ಟು, ಒಂದು ಕೊಟ್ಟಿಗೆಯ ಮಾಡು ಕಾಣುವ ಹಾಗೆ ಮಾಡಿದ. ಎಂಟು ಗಂಟೆ. ಅಷ್ಟರಲ್ಲಿ ಸೂರ್ಯ ಈ ಕಡೆಯಿಂದ ಆ ಕಡೆಗೆ ಹೋಗಿ, ಎರಡೂ ಗೋಡೆಗೆ ಬಿಸಿಲು. ಅವನ ಅಣ್ಣನೋ ತಮ್ಮನೋ ಒಬ್ಬ ಇದ್ದ, ಇಂಗ್ಲೆಂಡಿಗೆ ಹೋಗಿ ಎಂತದೋ ಯಂತ್ರ ಮಾಡ್ತೇನೆ ಅಂತ ಮನೆಯದ್ದೆಲ್ಲ ಕಳೆದು ಹುಚ್ಚನಾದ. ಈ ನಿಯೆಪ್ಸ್ ಡಗೇರ್‌ನನ್ನು ಪಾಲುಗಾರ ಅಂತ ಸೇರಿಸಿಕೊಂಡ, ನಾಲ್ಕು ವರ್ಷದಲ್ಲಿ ಸತ್ತ. ಆಮೇಲೆ ಡಗೇರ್ ಅವನ ಮಗನನ್ನು ಕೂರಿಸಿ, 'ಇದು ಹೊಸ ವಿಧಾನ, ಇದಕ್ಕೆ ನನ್ನ ಹೆಸರು ಒಂದೇ ಸಾಕು' ಅಂತ ಸಹಿ ಹಾಕಿಸಿಕೊಂಡ. ಆ ಮಗನಾದರೂ ಎಂತ ಮನುಷ್ಯ. ಹಾಕಿದ.

ಬರ್ಕೊಳ್ತಾ ಇದ್ದೀಯಲ್ಲ? ಬರ್ಕೊ. ಇಂಗ್ಲೆಂಡಿನವ ಟಾಲ್ಬಟ್ ಅಂತೂ ಇನ್ನೂ ಚೆಂದ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಇಟಲಿಯ ಒಂದು ಕೆರೆಯ ಹತ್ರ ಹೋದ. ಇಬ್ಬರೂ ಚಿತ್ರ ಬರೀಲಿಕ್ಕೆ ಕೂತ್ರು. ಅವಳಿಗೆ ಬರ್ತದೆ, ಇವನಿಗೆ ಬರುದಿಲ್ಲ. ಆ ಉರಿಯಲ್ಲಿ ಇವ ಫೋಟೋ ಕಂಡುಹಿಡಿದದ್ದು ಅಂತ ನಾನು ಹೇಳುದು. ನಮ್ಮವರು ಒಪ್ತಿರ್ಲಿಲ್ಲ. 'ಪ್ರಕೃತಿಯೇ ತನ್ನ ಚಿತ್ರ ತಾನು ಬರೆಯಲಿ ಅಂತ ಅವನಿಗೆ ಹೊಳೆಯಿತು' ಅಂತ ಇವರು. ಟಾಲ್ಬಟ್ ಮನೆಯ ಸುತ್ತ ಸಣ್ಣ ಸಣ್ಣ ಮರದ ಪೆಟ್ಟಿಗೆ, ಅದೇ ಅವನ ಕ್ಯಾಮೆರಾ, ಇಟ್ಟುಕೊಂಡು ತಿರುಗುತ್ತಿದ್ದ, ಹೆಂಡತಿ ಅವಕ್ಕೆ ಇಲಿಬೋನು ಅಂತ ಹೆಸರಿಟ್ಟಿದ್ದಳು. ಅಷ್ಟು ಮಾತ್ರ ಪುಸ್ತಕದಲ್ಲಿ ಉಳಿದಿದೆ ಅವಳದ್ದು, ಒಂದು ತಮಾಷೆ.

ಒಬ್ಬ ಬಯಾರ್ ಇದ್ದ, ಅವನೊಬ್ಬ ಸ್ವಲ್ಪ ಪರವಾಗಿಲ್ಲ. ಅವನೂ ಡಗೇರ್ ಹೆಸರು ಮಾಡಿದ ವರ್ಷವೇ ಕಂಡುಹಿಡಿದಿದ್ದ, ಕಾಗದದ ಮೇಲೆ. ದೊಡ್ಡವರು ಸುಮ್ನಿರು ಅಂತ ಹೇಳಿ ಕೂರಿಸಿದ್ರು, ಅಷ್ಟರಲ್ಲಿ ಡಗೇರ್‌ಗೆ ಹಾರ ತುರಾಯಿ ಎಲ್ಲ ಆಯ್ತು. ಅವ ಎಂತ ಮಾಡಿದ ಗೊತ್ತುಂಟಾ? ಬರೀ ಮೈಯಲ್ಲಿ ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂತು ತನ್ನದೇ ಫೋಟೋ ತೆಗೆದುಕೊಂಡು, 'ಈ ಬಡಪಾಯಿ ನೀರಿಗೆ ಹಾರಿ ಸತ್ತ' ಅಂತ ಹಿಂದುಗಡೆ ಬರೆದ. ಸತ್ತನಾ ಎಂತ? ಇನ್ನೂ ನಲವತ್ತು ವರ್ಷಕ್ಕೂ ಹೆಚ್ಚು ಬದುಕಿದ. ಆದರೂ ಅವನಿಗೆ ಹೊಟ್ಟೆ ಉರಿದದ್ದು ಕಾಗದದ ಮೇಲಾದರೂ ಬಂತಲ್ಲ.

ಎಂತ? ಕರುಣಾಕರ ಅಂಕಲ್ ಬಗ್ಗೆ ಹೇಳಬೇಕಾ? ಅದನ್ನೇ ಹೇಳ್ತಾ ಇರುದು ನಾನು. ನೀವು ಇಲ್ಲಿ ಹುಟ್ಟಿದ ಮಕ್ಕಳಿಗೆ ತಾಳ್ಮೆ ಸ್ವಲ್ಪ ಕಡಿಮೆ.

ಮೊದಲ ಒಂದೂವರೆ ವರ್ಷ ಇವರಿಗೆ ಒಂದೇ ಒಂದು ಸರಿಯಾದ ಚಿತ್ರ ಬರಲಿಲ್ಲ. ಎಲ್ಲ ಮಂಜು ಮಂಜು, ಇಲ್ಲದಿದ್ದರೆ ಗೆರೆ ಗೆರೆ. ಚಾಟ್ಸ್‌ವರ್ತ್‌ನ ಕಲ್ಲುಗುಡ್ಡ ತೆಗೆದ್ರೆ ಮಳೆ ಬರ್ತಾ ಇದ್ದ ಹಾಗೆ ಕಾಣ್ತಿತ್ತು, ಇಲ್ಲಿ ಮಳೆ ಎಲ್ಲಿಂದ. ಇವರು ಅಯೋಡಿನ್ ಸರಿ ಇಲ್ಲ ಅಂದ್ರು, ಲೆನ್ಸ್ ಬದಲಾಯಿಸಿದ್ರು, ನ್ಯೂಯಾರ್ಕಿನಲ್ಲಿ ಇದನ್ನೇ ಮಾಡುವ ಯಾರಿಗೋ ಪತ್ರ ಬರೆದ್ರು. ಒಂದು ದಿನ ಮಧ್ಯಾಹ್ನ ಊಟಕ್ಕೆ ಕರೀಲಿಕ್ಕೆ ಹೋದೆ. ತಗಡು ಉಜ್ಜುತ್ತಾ ಇದ್ರು. ಉದ್ದದ ಮರದ ಪಟ್ಟಿಗೆ ವೆಲ್ವೆಟ್ ಸುತ್ತಿ, ಕೆಂಪು ಪುಡಿ ಹಾಕಿ, ಗರಗರ ಸುತ್ತಿಸಿ ಸುತ್ತಿಸಿ ಉಜ್ಜುದು, ದೋಸೆಕಲ್ಲು ತಿಕ್ಕುವ ಹಾಗೆ. ನನಗೆ ನೋಡಿ ಆಗಲಿಲ್ಲ. 'ಬೆಳ್ಳಿಯನ್ನು ಹಾಗೆ ಉಜ್ಜುದಾ' ಅಂದೆ.

ನನ್ನ ಅಪ್ಪನದ್ದು ಕಾರ್ಕಳದ ಪೇಟೆಯಲ್ಲಿ ಬೆಳ್ಳಿ ಕೆಲಸ, ಗೊತ್ತುಂಟಲ್ಲ ನಿನಗೆ. ಮದುವೆಯಾಗುವವರೆಗೆ ಹೊಳಪು ಕೊಡುವ ಕೆಲಸ ನನ್ನದೇ. ಅಪ್ಪ ಹೇಳ್ತಿದ್ದದ್ದು ಒಂದೇ. ಬಲ ಹಾಕಬೇಡ, ಬೆಳ್ಳಿಗೆ ಬಲ ಬೇಡ, ಕೈಯ ಭಾರ ಸಾಕು. ಕೊನೆಯ ಹೊಳಪಿನಲ್ಲಿ ಕೈ ಒಂದೇ ಕಡೆಗೆ ಹೋಗಬೇಕು, ಹೋದ ದಾರಿಯಲ್ಲಿ ವಾಪಸು ಬರಬಾರದು. ಅಷ್ಟೇ. ಆ ದಿನ ಸೆರಗು ಸಿಕ್ಕಿಸಿ ಕೂತು ಒಂದು ತಗಡು ಉಜ್ಜಿದೆ. ಎರಡು ಗಂಟೆ ಹಿಡಿಯಿತು. ಕೊನೆಯ ಉಜ್ಜು ಅಡ್ಡಕ್ಕೆ, ಫೋಟೋ ಗೋಡೆಗೆ ತೂಗಿ ಹಾಕಿದರೆ ನೆಲಕ್ಕೆ ಸಮ ಬರುವ ಹಾಗೆ. ಹಾಗೆ ಮಾಡಿದರೆ ಗೆರೆ ಇದ್ದರೂ ಕಣ್ಣಿಗೆ ಬೀಳುದಿಲ್ಲ. ನನಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ. ಆರತಿ ತಟ್ಟೆ ಗಿರಾಕಿಗೆ ಹೇಗೆ ಹಿಡಿದು ತೋರಿಸಬೇಕು ಅಂತ ಗೊತ್ತಿದ್ದವಳಿಗೆ ಇದು ಗೊತ್ತಾಗದೆ ಇರ್ತದಾ? ಆ ತಗಡಿನಲ್ಲಿ ಇವರು ಅದೇ ಕಲ್ಲುಗುಡ್ಡ ತೆಗೆದ್ರು. ಬಂತು ಮಗಾ. ಕಲ್ಲಿನ ಬಿರುಕಿನಲ್ಲಿ ಇದ್ದ ಹುಲ್ಲು ಸಹ ಬಂತು.

ಅಲ್ಲಿಂದ ಇಪ್ಪತ್ತಮೂರು ತಗಡು. ಮೂರೂವರೆ ವರ್ಷ. ಲಾಂಗ್ ಬೀಚಿನ ಹಡಗು, ಕ್ರೇನು. ಸ್ಯಾನ್ ಡಿಯಾಗೋದ ಸಮುದ್ರದ ಕಟ್ಟೆ. ನಿನ್ನ ಅಪ್ಪ ಅಮ್ಮನದ್ದು ಒಂದು, ಅಲುಗಬಾರದು ಅಂತ ಚಿತ್ರಾನ ಕುತ್ತಿಗೆಗೆ ಹಿಂದಿನಿಂದ ಕಬ್ಬಿಣದ ಕಡ್ಡಿ ಕೊಟ್ಟದ್ದು. ನನ್ನದೊಂದು. ಒಂದೊಂದಕ್ಕೂ ಶನಿವಾರ ಬೆಳಿಗ್ಗೆ ಎದ್ದು ಎರಡು ಗಂಟೆ ನಾನು ಉಜ್ಜಬೇಕು. ಉಜ್ಜಿದ ಕೂಡಲೇ ಮಾಡಬೇಕು, ಇಟ್ಟರೆ ಮಸುಕು. ನಾನು ತಗಡು ಕೈಗೆ ಕೊಟ್ಟರೆ ಇವರು ಅಯೋಡಿನ್ ಪೆಟ್ಟಿಗೆಗೆ ಹಾಕುದು. ಅದು ಹೇಗೆ ಬಣ್ಣ ತಿರುಗ್ತದೆ ಅಂತ ನೋಡಿ ಹೇಳುದೂ ನಾನೇ. ಇವರಿಗೆ ಹಳದಿಗೂ ಗುಲಾಬಿಗೂ ನಡುವಿನದ್ದು ಕಾಣುದಿಲ್ಲ. 'ಆಯ್ತಾ ಉಮಾ?' 'ಇಲ್ಲ.' 'ಈಗ?' 'ಈಗ ತೆಗೀರಿ.' ಆ ಗರಾಜಿನಲ್ಲಿ ನಾವು ಮಾತಾಡಿದಷ್ಟು ಮದುವೆಯಾದ ಮೇಲೆ ಎಲ್ಲಿಯೂ ಮಾತಾಡಿರ್ಲಿಲ್ಲ.

ಹಾಗೆ ನೋಡಬೇಡ. ಬೇಜಾರಿನಲ್ಲಿ ಹೇಳಿದ್ದಲ್ಲ, ಇದ್ದದ್ದು ಹೇಳಿದೆ.

ಡಗೇರ್ ತೆಗೆದ ಒಂದು ಬೀದಿಯ ಚಿತ್ರ ಉಂಟಲ್ಲ, ಪ್ಯಾರಿಸಿನದ್ದು, ಮೊದಲು ಮನುಷ್ಯ ಬಂದದ್ದು ಅದರಲ್ಲೇ ಅಂತಾರಲ್ಲ? ತೆಗೀಲಿಕ್ಕೆ ಅಷ್ಟು ಹೊತ್ತು ಬೇಕಾದ ಕಾರಣ ಗಾಡಿ, ಕುದುರೆ, ಜನ, ಯಾರೂ ಬರಲಿಲ್ಲ. ಒಬ್ಬ ಬೂಟು ಪಾಲಿಶ್ ಮಾಡಿಸಿಕೊಳ್ತಾ ನಿಂತಿದ್ದ, ಅವ ಬಂದ. ಇವರು ಭೂತಗನ್ನಡಿ ಕೊಟ್ಟು ನನಗೆ ತೋರಿಸಿದ್ರು. 'ನೋಡು ಉಮಾ, ಚರಿತ್ರೆಯಲ್ಲಿ ಫೋಟೋದಲ್ಲಿ ಬಂದ ಮೊದಲ ಮನುಷ್ಯ.' ನಾನು ನೋಡಿದೆ. ಕಾಲು ಮುಂದೆ ಮಾಡಿ ನಿಂತವ ಚೆಂದಕ್ಕೆ ಬಂದಿದ್ದಾನೆ. ಅವನ ಕಾಲ ಹತ್ರ ಕೂತು ಪಾಲಿಶ್ ಮಾಡುವವ ಒಂದು ಮಸಿಯ ಹಾಗೆ. ಕೈ ಆಡ್ತಾ ಇತ್ತಲ್ಲ, ಕೆಲಸ ಮಾಡ್ತಾ ಇದ್ದನಲ್ಲ, ಹಾಗೆ ಅಳಿಸಿ ಹೋದ.

ಆಯ್ತು. ತೊಂಬತ್ತನಾಲ್ಕರ ಜನವರಿ. ಮಾರ್ಚಿನಲ್ಲಿ ಸ್ಯಾನ್ ಡಿಯಾಗೋದಲ್ಲಿ ಇವರದ್ದೇ ಒಂದು ಪ್ರದರ್ಶನ ಅಂತ ನಿಕ್ಕಿಯಾಗಿತ್ತು. ಶನಿವಾರದ ಟಪಾಲಿನಲ್ಲಿ ಪ್ರದರ್ಶನಕ್ಕೆ ಅವರು ಅಚ್ಚು ಹಾಕುವ ಕರಪತ್ರದ ಕರಡು ಬಂತು. ಇವರೇ ಬರೆದು ಕೊಟ್ಟದ್ದು, ಅವರು ಟೈಪ್ ಮಾಡಿಸಿ ಕಳಿಸಿದ್ದು. ನಾನು ಒಡೆದು ಓದಿದೆ. 'ಡಾ. ಕರುಣಾಕರ ಆಚಾರ್ಯ ತಮ್ಮ ಗರಾಜಿನಲ್ಲಿ ಒಬ್ಬರೇ, ಯಾರ ನೆರವೂ ಇಲ್ಲದೆ, ಕಳೆದು ಹೋದ ಒಂದು ವಿದ್ಯೆಯನ್ನು ಮತ್ತೆ ಕಂಡುಕೊಂಡರು.' ನನಗೆ ಇಂಗ್ಲಿಷ್ ಓದಲಿಕ್ಕೆ ಬರ್ತದೆ. ಮೂರು ಸಲ ಓದಿದೆ.

ಕೇಳಿದೆ, ಹೌದು. ಬಾಯಿ ಮುಚ್ಚಿ ಕೂರುವವಳಲ್ಲ ನಾನು. ಕಾಫಿ ಕೊಡುವಾಗ ಕೇಳಿದೆ, 'ಯಾರ ನೆರವೂ ಇಲ್ಲದೆ ಅಂತ ಬರೆದದ್ದು ಯಾರು?' ಇವರು ಪೇಪರಿನಿಂದ ತಲೆ ಎತ್ತಲಿಲ್ಲ. ನಕ್ಕರು. 'ಉಮಾ, ನಮ್ಮ ಉಡುಪಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನ ಹೆಸರು ಬೋರ್ಡಿನಲ್ಲಿ ಹಾಕ್ತಾರಾ?' ಅಂದ್ರು. ಕೆಟ್ಟ ಮನಸ್ಸಿನಲ್ಲಿ ಹೇಳಿದ್ದಲ್ಲ. ಅದೇ ನನಗೆ ಆಗದೆ ಇದ್ದದ್ದು. ಯೋಚನೆ ಮಾಡಿ ಹೇಳಿದ್ದಾದರೆ ಜಗಳ ಮಾಡಬಹುದಿತ್ತು. ಹಾಗೇ ಬಾಯಿಗೆ ಬಂತು, ಹೇಳಿದ್ರು, ಪೇಪರ್ ತಿರುಗಿಸಿದ್ರು.

ಇದನ್ನು ಬರೀಬೇಡ. ಇದು ಸುಮ್ನೆ ನಿನಗೆ ಹೇಳಿದ್ದು.

ಸೋಮವಾರ ಬೆಳಗಿನ ಜಾವ ಭೂಕಂಪ. ನೀನು ಪೊವೇಯಲ್ಲಿ ಮಂಚ ಅಲ್ಲಾಡಿತು ಅಂತ ಎದ್ದವಳು, ನಾವು ಭೂಕಂಪ ಎದ್ದ ನಾರ್ತ್‌ರಿಜ್‌ನ ಪಕ್ಕದಲ್ಲೇ ಇರುವವರು. ಚಿಮಣಿ ಬಿತ್ತು, ಅಡುಗೆಮನೆಯ ಕಪಾಟು ಪೂರಾ ಖಾಲಿಯಾಗಿ ನೆಲಕ್ಕೆ ಬಂತು, ಉಪ್ಪಿನಕಾಯಿ ಭರಣಿ, ಗಾಜು, ಎಲ್ಲ ಒಟ್ರಾಶಿ. ಬೆಳಕು ಹರಿದ ಮೇಲೆ ಇವರು ಮೊದಲು ಹೋದದ್ದು ಗರಾಜಿಗೆ. ಪಾದರಸದ ಬಾಟ್ಲಿ ಒಡೆದು ನೆಲದ ತುಂಬ ಬೆಳ್ಳಿ ಗುಂಡು ಓಡಾಡ್ತಾ ಇತ್ತು. ಕ್ಲಿನಿಕ್ಕಿನಿಂದ ತಂದ ಸಾಮಾನಿನಲ್ಲಿ ಅದನ್ನು ಒಟ್ಟು ಮಾಡಿದ್ರು, ಬಾಗಿಲು ತೆರೆದಿಟ್ರು, ಕ್ಲಿನಿಕ್ ಹೇಗಿದೆಯೋ ನೋಡ್ತೇನೆ ಅಂತ ಹೋದ್ರು. ಹಾಗೆ… ಆ ತಗಡುಗಳು ಹೋದವು. ಇಪ್ಪತ್ತಮೂರೂ. ಒಡೆದು ಹೋದವು. ಇವರಿಗೆ ಮನಸ್ಸೇ ಮುರಿಯಿತು, ಆಮೇಲೆ ಮಾಡಲಿಲ್ಲ. ಅಷ್ಟು ಬರೆದರೆ ಸಾಕು ನಿನಗೆ. ಎರಡು ಪುಟ ಆಗ್ತದಲ್ಲ?

ಎಂತ ಪೆನ್ನು ಕೆಳಗೆ ಇಟ್ಟದ್ದು?

ಹೌದು, ಒಡೆದವು. ಮೇಲೆ ಗಾಜು ಹಾಕಿ ಚೌಕಟ್ಟು ಮಾಡಿದ್ದಲ್ಲವಾ, ಗಾಜು ಒಡೆದು, ಚೂರು ಒಳಗೆ ಬಿದ್ದು, ಗೀರಿ…

ಮೇದಿನಿ, ಎಂತಾದರೂ ಕೇಳುದಾದರೆ ಕೇಳು. ಹಾಗೆ ಸುಮ್ನೆ ಕೂತರೆ ನನಗೆ ಆಗುದಿಲ್ಲ.

ನೀನು ಓದಿದವಳು. ನಿನಗೆ ಗೊತ್ತುಂಟು. ತಾಮ್ರದ ತಗಡು ಒಡೆಯುದಿಲ್ಲ. ಮಡಚಬಹುದು, ಗೀರಬಹುದು, ಇಪ್ಪತ್ತಮೂರೂ ಒಟ್ಟಿಗೆ ಇಲ್ಲದೆ ಹೋಗುದಿಲ್ಲ. ಮೂರು ವರ್ಷದಿಂದ ಎಷ್ಟು ಜನರಿಗೆ ಹೇಳಿದ್ದಾಯ್ತು, ಡಾಕ್ಟರುಗಳು, ಇಂಜಿನಿಯರುಗಳು, ನಿನ್ನ ಅಪ್ಪನೂ ಸೇರಿ, ಒಬ್ಬನಾದರೂ ಇದನ್ನು ಯೋಚನೆ ಮಾಡಲಿಲ್ಲ ನೋಡು. ಅಯ್ಯೋ ಪಾಪ ಅಂದ್ರು, ಪಾಯಸ ತಿಂದ್ರು, ಹೋದ್ರು.

ಮರದ ಪೆಟ್ಟಿಗೆಯಲ್ಲಿ ಇದ್ದವು. ಒಂದೊಂದಕ್ಕೂ ಒಂದೊಂದು ಸೀಳು ಕೊರೆದು, ನಡುವೆ ಹತ್ತಿ ಇಟ್ಟು ಇವರೇ ಮಾಡಿದ ಪೆಟ್ಟಿಗೆ. ಮನೆಯಲ್ಲಿ ಒಂದು ಚಮಚ ಜಾಗದಲ್ಲಿ ಉಳಿದಿರ್ಲಿಲ್ಲ. ಅದು ಮಾತ್ರ ಹೇಗಿತ್ತೋ ಹಾಗೇ. ನಾನು ತೆರೆದು ನೋಡಿದೆ, ಗಾಜು ಸಹ ಬಿರುಕು ಬಿಟ್ಟಿರ್ಲಿಲ್ಲ. ನನ್ನ ಭರಣಿ, ಅಮ್ಮ ಕೊಟ್ಟ ಭರಣಿ, ಮೂವತ್ತು ವರ್ಷ ಜೋಪಾನ ಮಾಡಿದ್ದು, ಚೂರು ಚೂರು. ಇವರ 'ಒಬ್ಬರೇ ಮಾಡಿದ್ದು' ಹಾಗೇ ಇತ್ತು.

ಹೊರಗೆ ಒಳ್ಳೆ ಬಿಸಿಲು ಇತ್ತು. ಕರೆಂಟ್ ಇರ್ಲಿಲ್ಲ. ಗರಾಜಿನ ಬಾಗಿಲು ಮೇಲೆತ್ತಿ, ಮಣೆ ಹಾಕಿ ಕೂತೆ. ಗಾಜು ಬಿಚ್ಚಿದೆ, ಕೆಂಪು ಪುಡಿ ಹಾಕಿದೆ, ಉಜ್ಜಿದೆ. ಕೋಪದಲ್ಲಿ ಅಂತ ತಿಳಿಬೇಡ. ಕೋಪದಲ್ಲಿ ಆದರೆ ಸುತ್ತಿಗೆ ತೆಗೆದುಕೊಳ್ತಿದ್ದೆ. ಸಮಾಧಾನದಲ್ಲಿ ಉಜ್ಜಿದೆ, ಅಪ್ಪ ಹೇಳಿಕೊಟ್ಟ ಹಾಗೆ. ಮೊದಲು ಕಲ್ಲುಗುಡ್ಡ ಹೋಯಿತು. ಹಡಗು ಹೋಯಿತು. ನಿನ್ನ ಅಪ್ಪ ಅಮ್ಮ ಹೋದ್ರು. ಕ್ಷಮಿಸು ಮಗಾ. ಹದಿನೆಂಟನೆಯದ್ದು ನನ್ನದು. ಅದರಲ್ಲಿದ್ದ ನನ್ನ ಮುಖ ಹೋದ ಹಾಗೆ, ಅದೇ ಜಾಗದಲ್ಲಿ ನನ್ನ ಮುಖ ಬಂತು. ಕನ್ನಡಿ ಅಲ್ಲವಾ ಅದು. ಮಧ್ಯೆ ಮಧ್ಯೆ ನೆಲ ನಡುಗ್ತಿತ್ತು, ಆಗ ಕೈ ಎತ್ತಿ ಕಾಯ್ತಿದ್ದೆ, ಗೆರೆ ಬೀಳಬಾರದಲ್ಲ. ಅಳಿಸ್ಲಿಕ್ಕೆ ಎರಡೆರಡು ಗಂಟೆ ಬೇಡ. ಇವರು ಕ್ಲಿನಿಕ್ಕಿನಲ್ಲಿ ಇದ್ದ ಆ ದಿನ, ಮರುದಿನ. ಎರಡು ದಿನದಲ್ಲಿ ಇಪ್ಪತ್ತಮೂರು ಕನ್ನಡಿ. ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸಿ ಇಟ್ಟೆ.

ಇವರು ಮಂಗಳವಾರ ಸಂಜೆ ತೆರೆದ್ರು. ನಾನು ಬಾಗಿಲ ಹತ್ರ ನಿಂತಿದ್ದೆ, ಹೋಗಲಿಲ್ಲ. ಬೈಲಿ ಅಂತ ಕಾದೆ. ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿದ್ರು. ಆ ಕಡೆ ಓರೆ, ಈ ಕಡೆ ಓರೆ. ಕಲ್ಲು ಬಿದ್ದರೆ ತಗಡು ಅಷ್ಟು ಚೆಂದ ಹೊಳೆಯುದಿಲ್ಲ ಅಂತ ಇವರಿಗೆ ಗೊತ್ತಿಲ್ಲವಾ? ಕೊನೆಯ ಉಜ್ಜು ಅಡ್ಡಕ್ಕೆ ಹೋದದ್ದು ಕಾಣುದಿಲ್ಲವಾ? ಈ ದೇಶದಲ್ಲಿ ಹಾಗೆ ಉಜ್ಜುವ ಇನ್ನೊಬ್ಬರು ಇವರಿಗೆ ಗೊತ್ತಿರ್ಲಿಲ್ಲ. ಇಪ್ಪತ್ತಮೂರನ್ನೂ ನೋಡಿದ್ರು. ಪೆಟ್ಟಿಗೆ ಮುಚ್ಚಿದ್ರು. 'ಊಟಕ್ಕೆ ಎಂತ ಉಂಟು' ಅಂತ ಕೇಳಿದ್ರು.

ಮರುದಿನ ಫೋನು ಸರಿಯಾಯ್ತು. ಸ್ಯಾನ್ ಡಿಯಾಗೋಕ್ಕೆ ಮಾಡಿದ್ರು. ನಾನು ಇಲ್ಲೇ, ಈ ಕುರ್ಚಿಯಲ್ಲೇ ಇದ್ದೆ. 'ಡಗೇರ್‌ಗೆ ಬೆಂಕಿ, ನನಗೆ ಭೂಕಂಪ. ಎಲ್ಲ ಹೋಯಿತು' ಅಂದ್ರು. ಡಗೇರ್‌ನ ಕಟ್ಟಡಕ್ಕೂ ಬೆಂಕಿ ಬಿದ್ದು ಅವನದ್ದೆಲ್ಲ ಹೋಗಿತ್ತಲ್ಲ, ಅದು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಆಮೇಲೆ ಎರಡು ವರ್ಷ ಅದೇ ಕತೆ. ಯಾರು ಮನೆಗೆ ಬಂದರೂ ಹೇಳುದು. ಒಂದೊಂದು ಸಲ ಒಂದೊಂದು ಸೇರಿಸುದು. ಗೋಡೆ ಬಿತ್ತು, ಕಪಾಟು ಬಿತ್ತು, ಕಾರಿನ ಟೂಲ್‌ಬಾಕ್ಸ್ ಬಿತ್ತು. ಎಷ್ಟು ಚೆಂದಕ್ಕೆ ಹೇಳ್ತಿದ್ರು ಅಂದರೆ, ಕೆಲವು ಸಲ ನನಗೇ ಹಾಗೆ ಆದದ್ದು ಅಂತ ಅನಿಸ್ತಿತ್ತು.

ನನ್ನನ್ನು ಕಾಪಾಡಿದ್ರು ಅಂತ ನೀನು ಹೇಳ್ತಿ. ಹೇಳಲಿಲ್ಲ, ಆದರೆ ನಿನ್ನ ಮುಖ ಹಾಗೆ ಹೇಳ್ತಾ ಇದೆ. ಇರಬಹುದು. ನಾನು ಅದನ್ನು ಬೇರೆ ಥರ ನೋಡಿದೆ. ಐದು ವರ್ಷದಲ್ಲಿ ಆ ಗರಾಜಿನಲ್ಲಿ ನಾನು ಒಬ್ಬಳೇ, ಯಾರ ನೆರವೂ ಇಲ್ಲದೆ ಮಾಡಿದ ಕೆಲಸ ಅದೊಂದೇ. ಅದನ್ನೂ ತೆಗೆದುಕೊಂಡು ಹೋಗಿ ಭೂಕಂಪಕ್ಕೆ ಕೊಟ್ರು. ಬೈದಿದ್ದರೆ ಆಗ್ತಿತ್ತು. 'ಇದನ್ನು ಮಾಡಿದವಳು ನೀನು' ಅಂತ ಒಂದು ಸಲ ಹೇಳಿದ್ದರೆ ಸಾಕಿತ್ತು.

ಇನ್ನೂ ಎಂತ? ಇನ್ನೂ ಯಾಕೆ ಹಾಗೆ ನೋಡ್ತಾ ಇದ್ದೀ? ಎಲ್ಲ ಹೇಳಿದೆನಲ್ಲ.

ಮನಸ್ಸು ಮುರಿದು ಫೋಟೋ ಮಾಡುದು ಬಿಟ್ಟರು ಅಂತ ಹೇಳಿದೆ. ಅದಾ? …ಅದು ಹೌದು. ಅಂದರೆ, ಪೂರ್ತಿ ಹೌದಲ್ಲ.

ಭೂಕಂಪದ ಮರುವರ್ಷ ಬೇಸಿಗೆಯಲ್ಲಿ ಒಂದು ಭಾನುವಾರ. ನಾನು ಬೀನ್ಸ್ ಹೆಚ್ಚುತ್ತಾ ಇದ್ದೆ. ಇವರು ಬಂದು ಎದುರು ಕೂತ್ರು. ಒಂದು ಹೊಸ ತಗಡು ಮೇಜಿನ ಮೇಲೆ, ಬೀನ್ಸ್ ಪಕ್ಕದಲ್ಲಿ ಇಟ್ರು. ಹೊಸತಾಗಿ ಬೆಳ್ಳಿ ಹಾಕಿಸಿಕೊಂಡು ಬಂದದ್ದು. ನನಗೆ ಹೇಳಿರ್ಲಿಲ್ಲ. ಆಮೇಲೆ ಅದನ್ನು ತಿರುಗಿಸಿ ಇಟ್ರು. ಹಿಂದೆ ತಾಮ್ರದ ಮೇಲೆ ಹಲ್ಲು ಕೊರೆಯುವ ಡ್ರಿಲ್ಲಿನಲ್ಲಿ ಸಣ್ಣದಾಗಿ ಹೆಸರು ಕೊರೆದಿದ್ರು. ಕನ್ನಡದಲ್ಲಿ. ಎರಡು ಹೆಸರು. ನನ್ನದು ಮೇಲೆ.

'ಇದೊಂದು ಉಜ್ಜಿ ಕೊಡ್ತೀಯಾ ಉಮಾ' ಅಂತ ಕೇಳಿದ್ರು. ಇವರು ಹಾಗೆ ಕೇಳುವವರಲ್ಲ. ಕೊಡು ಅನ್ನುವವರು.

ನಾನು ಚೂರಿ ಕೆಳಗಿಡಲಿಲ್ಲ. 'ಆಗುದಿಲ್ಲ' ಅಂದೆ. 'ಕೈ ನೋವು. ಬೆರಳು ಮಡಚ್ಲಿಕ್ಕೆ ಆಗುದಿಲ್ಲ, ಸಂಧಿವಾತ ಇರಬೇಕು.' ಹೌದಾ, ಅಂದ್ರು. ನನ್ನ ಕೈ ನೋಡಿದ್ರು, ನಾನು ಬೀನ್ಸ್ ಹೆಚ್ಚುತ್ತಾನೇ ಇದ್ದೆ. ತಗಡು ಮೂರು ದಿನ ಅಲ್ಲೇ ಇತ್ತು. ನಾನು ಮೇಜು ಒರೆಸುವಾಗ ಅದರ ಸುತ್ತ ಒರೆಸಿದೆ. ನಾಲ್ಕನೇ ದಿನ ಇವರು ತೆಗೆದುಕೊಂಡು ಹೋದ್ರು. ಆಮೇಲೆ ಎಂಟು ತಿಂಗಳು ಇದ್ರು. ಕೇಳಲಿಲ್ಲ.

ಡಾಕ್ಟರ ಹತ್ರ ತೋರಿಸಿದ್ದಾ?

ಎಂತ ತೋರಿಸುದು ಮಗಾ. ನನ್ನ ಕೈಗೆ ಎಂತದೂ ಆಗಿರ್ಲಿಲ್ಲ.